ಸುಳಿವು ಕೊಟ್ಟವರು ಯಾರು?

(ಮಾಕಳಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ತುಮಕೂರು ರಸ್ತೆಯಲ್ಲಿ ಲಾರಿ ಓಡಿಸುವವರಿಗೆಲ್ಲ ಗೊತ್ತಿರುವ ಭಾಷೆಯೊಂದಿದೆ. ಅದಕ್ಕೆ ಲಿಪಿಯಿಲ್ಲ, ವ್ಯಾಕರಣವಿಲ್ಲ. ನಡುಹಗಲಿನಲ್ಲಿ ಎದುರಿನಿಂದ ಬರುವ ಲಾರಿಯ ಚಾಲಕ ಎರಡು ಸಲ ದೀಪ ಮಿನುಗಿಸಿ ಮುಂದೆ ಹೋಗುತ್ತಾನೆ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮತ್ತೆ ಅವನ ಮುಖ ನೋಡುವ ಸಂಭವವೂ ಇಲ್ಲ. ಆದರೂ ಇತ್ತಲಿನ ಚಾಲಕ ವೇಗ ತಗ್ಗಿಸುತ್ತಾನೆ, ಕಾಗದಪತ್ರ ಕೈಗೆ ಸಿಗುವಂತಿದೆಯೇ ಎಂದು ನೋಡಿಕೊಳ್ಳುತ್ತಾನೆ. ಮುಂದೆ ಎಲ್ಲೋ ತಪಾಸಣೆ ನಡೆದಿದೆ ಎಂಬುದು ಆ ಬೆಳಕಿನ ಅರ್ಥ.

ಮಾಕಳಿಯಂಥ ಹೆದ್ದಾರಿಯ ಊರಿನಲ್ಲಿ ಇದು ದಿನನಿತ್ಯದ ಸಂಗತಿ. ಇದಕ್ಕೆ ಇಂಗ್ಲಿಷಿನ ಆಡುಮಾತಿನಲ್ಲಿ ‘ಟಿಪ್ ಆಫ್’ ಎಂಬ ಹೆಸರಿದೆ. ಗುಟ್ಟಾಗಿ ಕೊಡುವ ಎಚ್ಚರಿಕೆ, ಮುಂಚಿತವಾಗಿ ಮುಟ್ಟಿಸುವ ಸುದ್ದಿ ಎಂದು ಅದರ ಅರ್ಥ. ಪದವೇನೋ ಚಿಕ್ಕದು. ಆದರೆ ಅದರ ಬೆನ್ನು ಹತ್ತಿ ಹೋದರೆ ಕಳ್ಳರ ಸಂತೆ, ಕುದುರೆ ಜೂಜು, ವೇಲೂರಿನ ಕೋಟೆ, ಅರಗಿನ ಮನೆ ಎಲ್ಲವೂ ಎದುರಾಗುತ್ತವೆ. ಕೊನೆಗೆ ಒಬ್ಬ ಎಂಜಿನಿಯರನ ಸಾವೂ ಎದುರಾಗುತ್ತದೆ.

ಮೊದಲು ದಿನಪತ್ರಿಕೆಯ ಒಳಪುಟದ ಎರಡು ವಾಕ್ಯಗಳನ್ನು ನೆನೆಸಿಕೊಳ್ಳಿ. ‘ಖಚಿತ ಸುಳಿವಿನ ಮೇರೆಗೆ ಪೊಲೀಸರು ದಾಳಿ ನಡೆಸಿದರು’ ಎಂಬುದು ಒಂದು. ‘ದಾಳಿಯ ಸುಳಿವು ಅರಿತ ಆರೋಪಿಗಳು ಪರಾರಿಯಾದರು’ ಎಂಬುದು ಇನ್ನೊಂದು. ಎರಡರಲ್ಲೂ ಸುಳಿವು ಒಂದೇ, ದಿಕ್ಕು ಮಾತ್ರ ಬೇರೆ. ಮೊದಲನೆಯದು ಕಳ್ಳನ ವಿಷಯವನ್ನು ಪೊಲೀಸರಿಗೆ ಮುಟ್ಟಿಸಿತು. ಎರಡನೆಯದು ಪೊಲೀಸರ ವಿಷಯವನ್ನು ಕಳ್ಳನಿಗೆ ಮುಟ್ಟಿಸಿತು. ಇಂಗ್ಲಿಷಿನ ಟಿಪ್ ಆಫ್ ಕೂಡ ಹೀಗೆಯೇ ಎರಡು ಕಡೆಗೂ ಹರಿಯುವ ಪದ. ಹಾಗಾಗಿ ಸುಳಿವು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಅದರಿಂದ ಉಳಿದದ್ದು ಯಾರ ಜೀವ ಎಂದು ಕೇಳಬೇಕಾಗುತ್ತದೆ.

ಈಗ ಪದದ ಹುಟ್ಟಿಗೆ ಬರೋಣ. ಹೋಟೆಲಿನಲ್ಲಿ ಮಾಣಿಗೆ ಕೊಡುವ ‘ಟಿಪ್ಸ್’ ಎಲ್ಲರಿಗೂ ಪರಿಚಿತ. ಅದರ ಬಗ್ಗೆ ಜನಪ್ರಿಯವಾದ ಒಂದು ಕಥೆಯಿದೆ. ಹಿಂದೆ ಲಂಡನ್ನಿನ ಕಾಫಿ ಮನೆಗಳಲ್ಲಿ ಒಂದು ಡಬ್ಬಿ ಇಡುತ್ತಿದ್ದರಂತೆ; ‘ತ್ವರಿತ ಸೇವೆಯ ಖಾತರಿಗಾಗಿ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳು ಅದರ ಮೇಲಿರುತ್ತಿದ್ದವಂತೆ; ಅವುಗಳ ಮೊದಲಕ್ಷರ ಸೇರಿ ಟಿಪ್ ಆಯಿತಂತೆ. ಕೇಳಲು ಸೊಗಸಾದ ಕಥೆ, ಆದರೆ ನಿಜವಲ್ಲ. ಮೊದಲಕ್ಷರಗಳನ್ನು ಜೋಡಿಸಿ ಹೊಸ ಪದ ಕಟ್ಟುವ ಚಾಳಿ ಇಂಗ್ಲಿಷಿನಲ್ಲಿ ವ್ಯಾಪಕವಾದದ್ದು 20ನೆಯ ಶತಮಾನದಲ್ಲಿ. ಟಿಪ್ ಅದಕ್ಕಿಂತ ಬಹಳ ಹಳೆಯದು.

ಅದರ ತವರು ಕಳ್ಳರ ಗುಪ್ತಭಾಷೆ. ಇಂಗ್ಲೆಂಡಿನ ಕಳ್ಳರು, ಅಲೆಮಾರಿಗಳು, ಜೇಬುಗತ್ತರಿಗಳು ತಮ್ಮತಮ್ಮೊಳಗೆ ಆಡುತ್ತಿದ್ದ ಮಾತಿನಲ್ಲಿ 17ನೆಯ ಶತಮಾನದ ಆರಂಭದಿಂದಲೇ ಟಿಪ್ ಎಂದರೆ ‘ಕೊಡು’, ‘ದಾಟಿಸು’ ಎಂದರ್ಥ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬಾತ ಬೀದಿಮಾತುಗಳ ನಿಘಂಟೊಂದನ್ನು ಪ್ರಕಟಿಸಿದ. ಅದರಲ್ಲಿಯೂ ಈ ಪದಕ್ಕೆ ಕೊಡುವುದು, ಸಾಲ ಕೊಡುವುದು ಎಂಬ ಅರ್ಥಗಳೇ ಇವೆ. ಕಣ್ಣು ಮಿಟುಕಿಸಿ ಎಚ್ಚರಿಸುವುದಕ್ಕೂ ‘ಕಣ್ಸನ್ನೆಯನ್ನು ಟಿಪ್ ಮಾಡು’ ಎಂಬಂಥ ನುಡಿಗಟ್ಟು 17ನೆಯ ಶತಮಾನದಲ್ಲೇ ಬಳಕೆಗೆ ಬಂದಿತ್ತು. ಕೈಯಿಂದ ಕೈಗೆ ದಾಟುವ ಕಾಸಿಗೂ, ಕಣ್ಣಿಂದ ಕಣ್ಣಿಗೆ ದಾಟುವ ಸಂಜ್ಞೆಗೂ ಹೀಗೆ ಒಂದೇ ಪದವಾಯಿತು.

19ನೆಯ ಶತಮಾನದ ನಡುವೆ ಈ ಪದ ಕುದುರೆ ಜೂಜಿನ ಕಟ್ಟೆ ಏರಿತು. ಯಾವ ಕುದುರೆ ಗೆಲ್ಲಬಹುದು ಎಂದು ಲಾಯದ ಒಳಗಿನವರು ಪಿಸುಗುಟ್ಟುವ ಗುಟ್ಟು ‘ಟಿಪ್’ ಆಯಿತು. ಬೆಂಗಳೂರಿನ ರೇಸ್ ಕೋರ್ಸಿನ ಸುತ್ತ ಓಡಾಡಿದವರಿಗೆ ಈ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಶತಮಾನದ ಕೊನೆಯ ಹೊತ್ತಿಗೆ ‘ಆಫ್’ ಎಂಬ ಬಾಲ ಸೇರಿಕೊಂಡು, ಅಪಾಯವನ್ನು ಮುಂಚಿತವಾಗಿ ಗುಟ್ಟಾಗಿ ತಿಳಿಸುವುದು ಎಂಬ ಇಂದಿನ ಅರ್ಥ ನೆಲೆಯೂರಿತು. ಕಳ್ಳರು ಪೊಲೀಸರಿಂದ ತಪ್ಪಿಸಿಕೊಳ್ಳಲು ಬಳಸುತ್ತಿದ್ದ ಪದವನ್ನು ಕೊನೆಗೆ ಪೊಲೀಸರೇ ಕಳ್ಳರನ್ನು ಹಿಡಿಯಲು ಎರವಲು ಪಡೆದರು.

ನಮ್ಮ ಕನ್ನಡದ ‘ಸುಳಿವು’ ಹುಟ್ಟಿದ ರೀತಿ ಬೇರೆ. ‘ಸುಳಿ’ ಎಂದರೆ ಸುತ್ತಾಡು, ಕಾಣಿಸಿಕೊಂಡು ಮರೆಯಾಗು. ಗಾಳಿ ಸುಳಿಯುತ್ತದೆ, ನೆರಳು ಸುಳಿಯುತ್ತದೆ, ವಾಸನೆ ಸುಳಿಯುತ್ತದೆ. ಹಾಗೆ ಸುಳಿದುಹೋದದ್ದರ ಗುರುತೇ ಸುಳಿವು. ಇಲ್ಲಿ ಕೊಡುವವನೇ ಇಲ್ಲ ಎಂಬುದನ್ನು ಗಮನಿಸಬೇಕು. ಇಂಗ್ಲಿಷಿನ ಟಿಪ್‌ನ ಒಳಗೆ ಕೊಡುವ ಕೈಯೊಂದಿದೆ. ಕನ್ನಡದ ಸುಳಿವು ಗಾಳಿಯಲ್ಲಿ ತಾನಾಗಿಯೇ ತೇಲಿ ಬರುತ್ತದೆ. ಕೊಡುವವನನ್ನು ಹೆಸರಿಸಹೊರಟರೆ ನಮಗೆ ಸಿಗುವ ಪದಗಳೆಲ್ಲ ಕಹಿ: ಚಾಡಿಕೋರ, ಪಿಸುಣ, ಕಿವಿ ಕಚ್ಚುವವ, ಮನೆಮುರುಕ. ರಾಜರ ಕಾಲದ ಬೇಹುಗಾರನಿಗೂ ಹೆದರಿಕೆ ಇತ್ತೇ ಹೊರತು ಮರ್ಯಾದೆ ಇರಲಿಲ್ಲ. ಒಳ್ಳೆಯ ಉದ್ದೇಶದಿಂದ, ತನ್ನ ಮೇಲೆ ಅಪಾಯ ಎಳೆದುಕೊಂಡು ಗುಟ್ಟಾಗಿ ಎಚ್ಚರಿಸಿದವನಿಗೆ ನಮ್ಮಲ್ಲಿ ದಿನಬಳಕೆಯ ಹೆಸರೇ ಇಲ್ಲ.

ಹೆಸರಿಲ್ಲದಿದ್ದರೂ ಅಂಥವರು ಇರಲಿಲ್ಲವೆಂದಲ್ಲ. ಮಹಾಭಾರತದ ವಿದುರನಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಪಾಂಡವರು ವಾರಣಾವತಕ್ಕೆ ಹೊರಟು ನಿಂತಾಗ, ಅಲ್ಲಿ ಅವರಿಗಾಗಿ ಅರಗಿನ ಮನೆ ಸಿದ್ಧವಾಗುತ್ತಿರುವುದು ವಿದುರನಿಗೆ ತಿಳಿದಿದೆ. ಆದರೆ ಅವನು ಧೃತರಾಷ್ಟ್ರನ ಮಂತ್ರಿ, ಸುತ್ತಲೂ ಜನ. ಆಗ ಅವನು ಧರ್ಮರಾಯನಿಗೆ ಮಾತ್ರ ಅರ್ಥವಾಗುವ ಗೂಢವಾದ ಮಾತಿನಲ್ಲಿ ಎಚ್ಚರಿಸುತ್ತಾನೆ. ಲೋಹದಿಂದ ಮಾಡದ ಆಯುಧವೂ ಕೊಲ್ಲಬಲ್ಲದು, ಬಿಲದೊಳಗಿನ ಪ್ರಾಣಿಯನ್ನು ಕಾಡುಗಿಚ್ಚು ಸುಡಲಾರದು, ನಕ್ಷತ್ರ ನೋಡಿ ದಿಕ್ಕು ತಿಳಿಯಬಹುದು ಎಂಬುದು ಅದರ ತಿರುಳು. ಬೆಂಕಿಯಿದೆ, ಸುರಂಗ ತೋಡಿ, ರಾತ್ರಿ ತಪ್ಪಿಸಿಕೊಳ್ಳಿ ಎಂದು ಇದರ ಅರ್ಥ. ಪಕ್ಕದಲ್ಲೇ ಇದ್ದ ಕುಂತಿಗೂ ಮಾತು ಕೇಳಿಸಿತು, ತಿಳಿಯಲಿಲ್ಲ. ಅವನು ಏನು ಹೇಳಿದ ಎಂದು ಆಮೇಲೆ ಮಗನನ್ನು ಕೇಳಬೇಕಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸುರಂಗ ತೋಡುವವನೊಬ್ಬನನ್ನು ವಿದುರ ಹಿಂದಿನಿಂದ ಕಳಿಸುತ್ತಾನೆ. ಬಂದವನು ನಮ್ಮವನೋ ಶತ್ರುವಿನ ಕಡೆಯವನೋ ಎಂದು ಪಾಂಡವರು ನಂಬುವುದು ಹೇಗೆ? ಹೊರಡುವಾಗ ವಿದುರ ನಿಮ್ಮೊಡನೆ ಗೂಢಭಾಷೆಯಲ್ಲಿ ಮಾತಾಡಿದ, ನೀವು ತಿಳಿಯಿತು ಎಂದಿರಿ, ಅದೇ ಗುರುತು ಎನ್ನುತ್ತಾನೆ ಅವನು. ಗುಟ್ಟಿನ ಎಚ್ಚರಿಕೆಗೆ ಬೇಕಾದ ಮೂರು ಅಂಶಗಳು ಈ ಪ್ರಸಂಗದಲ್ಲಿ ಒಟ್ಟಿಗಿವೆ. ಹೇಳುವವನಿಗೆ ವಿಷಯ ಗೊತ್ತಿರಬೇಕು. ಕೇಳುವವನಿಗೆ ಅವನಲ್ಲಿ ನಂಬಿಕೆ ಇರಬೇಕು. ನಡುವಿನವರಿಗೆ ಹೇಳಿದವನು ಯಾರೆಂದು ತಿಳಿಯಬಾರದು. ಮೂರೂ ಕೂಡಿದ್ದರಿಂದ ಪಾಂಡವರು ಬದುಕಿದರು, ವಿದುರನೂ ಬದುಕಿದ.

ಪುರಾಣದಿಂದ ಇತಿಹಾಸಕ್ಕೆ ಬಂದರೆ, ಮೈಸೂರು ಸಂಸ್ಥಾನ ಸುಳಿವಿಗೆಂದೇ ಒಂದು ವ್ಯವಸ್ಥೆ ಕಟ್ಟಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಂಚೆಯನ್ನು ಸ್ಥಾಪಿಸಿದರು. ಆ ಅಂಚೆಯವರ ಕೆಲಸ ಓಲೆ ಮುಟ್ಟಿಸುವುದಷ್ಟೇ ಆಗಿರಲಿಲ್ಲ. ತಮ್ಮ ಸೀಮೆಯಲ್ಲಿ ಗುಟ್ಟಾಗಿ ನಡೆಯುವ ವಿದ್ಯಮಾನಗಳನ್ನು ಅರಮನೆಗೆ ತಿಳಿಸುವುದೂ ಅವರ ಹೊಣೆಯಾಗಿತ್ತು ಎಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋಗುವವರೆಗೂ ಮೈಸೂರಿನ ಅಂಚೆ ಬಾಳಿತು. ಕಾಗದ ಹಂಚುವ ಕೈಯೇ ಸುಳಿವು ಕೊಡುವ ಕೈಯೂ ಆಗಿತ್ತು ಎಂಬುದು ಈಗ ಯಾರಿಗೂ ನೆನಪಿಲ್ಲ.

ಆದರೆ ಸುಳಿವು ತಂದುಕೊಟ್ಟರೆ ಸಾಲದು, ಅದನ್ನು ಕೇಳುವ ಕಿವಿಯೂ ಬೇಕು. ಅದಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಮೈಸೂರಿನ ಚರಿತ್ರೆಗೇ ಹೊಂದಿಕೊಂಡ ಘಟನೆಯೊಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಮಕ್ಕಳನ್ನು ಇಂಗ್ಲಿಷರು ವೇಲೂರಿನ ಕೋಟೆಯಲ್ಲಿ ಇರಿಸಿದರು. ಏಳು ವರ್ಷಗಳ ನಂತರ ಮದರಾಸಿನ ಸೇನಾಧಿಕಾರಿಗಳು ಸಿಪಾಯಿಗಳ ಮೇಲೆ ಹೊಸ ಕಟ್ಟಳೆ ಹೇರಿದರು. ಸಮವಸ್ತ್ರದಲ್ಲಿದ್ದಾಗ ಹಣೆಯ ನಾಮ, ವಿಭೂತಿ ಕೂಡದು, ಗಡ್ಡ ಬೋಳಿಸಬೇಕು, ಹೊಸ ಮಾದರಿಯ ರುಮಾಲು ತೊಡಬೇಕು. ಆ ರುಮಾಲಿನಲ್ಲಿ ಚರ್ಮದ ತುರಾಯಿ ಇತ್ತು. ಹಿಂದೂ, ಮುಸಲ್ಮಾನ ಇಬ್ಬರಿಗೂ ಇದು ಧರ್ಮ ಕೆಡಿಸುವ ಹುನ್ನಾರವಾಗಿ ಕಂಡಿತು. ಕೋಟೆಯೊಳಗೆ ಗುಟ್ಟಿನ ಸಭೆಗಳು ನಡೆದವು.

1806ರ ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ತನ್ನ ಮೇಲಧಿಕಾರಿ ಲೆಫ್ಟಿನೆಂಟ್ ಕರ್ನಲ್ ಫೋರ್ಬ್ಸ್‌ಗೆ ಈ ಸಂಚಿನ ಸುಳಿವು ಕೊಟ್ಟ. ಅಧಿಕಾರಿ ಅದನ್ನು ವಿಚಾರಿಸಲು ನೇಮಿಸಿದ್ದು ದೇಶೀ ಅಧಿಕಾರಿಗಳ ಒಂದು ಸಮಿತಿಯನ್ನು. ಸಂಚಿನ ಬೇರು ಇದ್ದದ್ದೇ ಅವರ ನಡುವೆ. ಈತನಿಗೆ ತಲೆ ಕೆಟ್ಟಿದೆ ಎಂದು ಅವರು ವರದಿ ಕೊಟ್ಟರು. ಸುಳಿವು ಕೊಟ್ಟವನಿಗೆ ಸಿಕ್ಕಿದ್ದು ಬಂಧನ. ಜುಲೈ 10ರ ಬೆಳಗಿನ ಜಾವ ಕೋಟೆಯಲ್ಲಿ ಬಂಡಾಯ ಸಿಡಿಯಿತು. ನೂರಕ್ಕೂ ಹೆಚ್ಚು ಇಂಗ್ಲಿಷ್ ಸೈನಿಕರು ಸತ್ತರು, ಮೈಸೂರಿನ ಹುಲಿಯ ಪಟ್ಟೆಯ ಬಾವುಟ ಏರಿತು. ಆರ್ಕಾಟಿನಿಂದ ಗಿಲೆಸ್ಪಿಯ ಕುದುರೆ ದಳ ಧಾವಿಸಿ ಬಂದು ಕೆಲವೇ ಗಂಟೆಗಳಲ್ಲಿ ಕೋಟೆಯನ್ನು ಮರಳಿ ಹಿಡಿಯಿತು. ನೂರಾರು ಸಿಪಾಯಿಗಳು ಹತರಾದರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಗವರ್ನರ್ ಬೆಂಟಿಂಕ್ ಮತ್ತು ದಂಡನಾಯಕ ಕ್ರಾಡಕ್ ಇಬ್ಬರನ್ನೂ ಕಂಪನಿ ವಾಪಸು ಕರೆಸಿಕೊಂಡಿತು. ‘ತಲೆ ಕೆಟ್ಟ’ ಮುಸ್ತಫಾ ಬೇಗ್‌ಗೆ 2,000 ಪಗೋಡ ಬಹುಮಾನವೂ ಸುಬೇದಾರನ ಪಿಂಚಣಿಯೂ ಮಂಜೂರಾದವು.

ಮುಸ್ತಫಾ ಬೇಗ್ ನಿಷ್ಠಾವಂತನೋ ದ್ರೋಹಿಯೋ? ಕಂಪನಿಯ ಲೆಕ್ಕದ ಪುಸ್ತಕದಲ್ಲಿ ನಿಷ್ಠಾವಂತ. ಜೊತೆಗಿದ್ದು ಪ್ರಾಣ ಕೊಟ್ಟ ಸಿಪಾಯಿಗಳ ದೃಷ್ಟಿಯಲ್ಲಿ ದ್ರೋಹಿ. ವೇಲೂರನ್ನು ಸ್ವಾತಂತ್ರ್ಯ ಹೋರಾಟದ ಮೊದಲ ಕಿಡಿಗಳಲ್ಲೊಂದು ಎಂದು ಎಣಿಸುವ ನಮಗೂ ಅವನನ್ನು ಮೆಚ್ಚುವುದು ಕಷ್ಟ. ಸುಳಿವಿನ ಎರಡು ಮುಖ ಇಲ್ಲಿ ಒಬ್ಬ ಮನುಷ್ಯನಲ್ಲೇ ಕೂಡಿಕೊಂಡಿವೆ. ಆದರೆ ಒಂದು ಪಾಠವನ್ನು ಪಕ್ಷ ನೋಡದೆ ಕಲಿಯಬಹುದು: ಯಾರ ಮೇಲೆ ಸುಳಿವು ಬಂದಿದೆಯೋ ಅವರ ಕೈಗೇ ವಿಚಾರಣೆ ಒಪ್ಪಿಸಿದರೆ, ಹುಚ್ಚನೆಂಬ ಪಟ್ಟ ಸಿಗುವುದು ಸುಳಿವು ಕೊಟ್ಟವನಿಗೆ. ಇಂದಿನ ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಈ ಮಾತು ಅಪರಿಚಿತವಲ್ಲ.

ಮತ್ತೆ ರಸ್ತೆಗೆ ಬರೋಣ. ಲಾರಿಯ ದೀಪದ ಸನ್ನೆ ಕಾನೂನಿಗೆ ಸಮ್ಮತವೇ ಎಂಬ ಪ್ರಶ್ನೆ ಇಂಗ್ಲೆಂಡಿನಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಎದ್ದಿತ್ತು. 1905ರಲ್ಲಿ ಅಲ್ಲಿನ ಕಾರು ಮಾಲೀಕರು ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿದರು. ಪೊಲೀಸರು ಎಲ್ಲಿ ಅಡಗಿ ವೇಗ ಅಳೆಯುತ್ತಿದ್ದಾರೆ ಎಂದು ಸದಸ್ಯರಿಗೆ ತಿಳಿಸುವುದೇ ಅದರ ಮೊದಮೊದಲಿನ ಕೆಲಸ. ಸೈಕಲ್ ಮೇಲಿನ ಕಾವಲಿನವರು ಹೀಗೆ ಎಚ್ಚರಿಸುವುದು ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಎಂದು 1910ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಸಂಘ ಸೋಲಲಿಲ್ಲ. ಕಾವಲಿನವನು ಸದಸ್ಯರಿಗೆ ಸಲಾಮು ಹೊಡೆಯುತ್ತಾನೆ. ಹೊಡೆಯದೇ ಹೋದರೆ ಗಾಡಿ ನಿಲ್ಲಿಸಿ ಏಕೆಂದು ಕೇಳಿ ಎಂದು ಸೂಚಿಸಿತು. ಸಲಾಮು ಹೊಡೆಯದೆ ಇದ್ದದ್ದಕ್ಕೆ ಯಾರನ್ನೂ ಶಿಕ್ಷಿಸಲಾಗದಷ್ಟೆ. ಏನನ್ನೂ ಮಾಡದಿರುವುದೇ ಅಲ್ಲಿ ಎಚ್ಚರಿಕೆಯಾಯಿತು.

ಹಾಸ್ಯವೆನಿಸಿದರೂ ವಿಷಯ ಹಗುರವಲ್ಲ. ವೇಗ ತಗ್ಗಿಸಲು ಮಿನುಗಿದ ದೀಪ, ಹೊರೆ ಮೀರಿ ತುಂಬಿದ ಲಾರಿಯನ್ನೋ ಕುಡಿದ ಚಾಲಕನನ್ನೋ ಅಡ್ಡದಾರಿಗೆ ಇಳಿಸಲೂಬಹುದು. ಅಂಥವನನ್ನು ಉಳಿಸಿದ ಸುಳಿವು ಮುಂದಿನ ಊರಿನಲ್ಲಿ ರಸ್ತೆ ದಾಟುವ ಮಗುವಿಗೆ ಮುಳುವಾದೀತು. ಬ್ಯಾಂಕುಗಳ ವ್ಯವಹಾರದಲ್ಲಿ ಟಿಪ್ ಆಫ್ ಎಂಬುದು ನಿಷಿದ್ಧ ಕೆಲಸದ ಹೆಸರಾಗಿರುವುದೂ ಇದೇ ಕಾರಣಕ್ಕೆ. ಖಾತೆಯೊಂದರಲ್ಲಿ ಕಪ್ಪುಹಣದ ಅನುಮಾನ ಬಂದರೆ ಬ್ಯಾಂಕು ಅದನ್ನು ಸರ್ಕಾರದ ಸಂಬಂಧಪಟ್ಟ ಘಟಕಕ್ಕೆ ತಿಳಿಸಬೇಕು. ಆದರೆ ಖಾತೆದಾರನಿಗೆ ಅದರ ಸುಳಿವು ಸಿಗಬಾರದು ಎನ್ನುತ್ತವೆ ರಿಸರ್ವ್ ಬ್ಯಾಂಕಿನ ನಿಯಮಗಳು. ಕಳ್ಳರ ಪದ ಹೀಗೆ ಕಾನೂನಿನ ಪುಟಕ್ಕೂ ಏರಿತು.

ಟಿಪ್ ಆಫ್‌ಗೆ ನೆಂಟನಾದ ಇನ್ನೊಂದು ಪದ ‘ವಿಸಲ್ ಬ್ಲೋವರ್’, ಅಂದರೆ ಸೀಟಿ ಊದುವವನು. ಎರಡಕ್ಕೂ ಒಂದು ವ್ಯತ್ಯಾಸವಿದೆ. ಸೀಟಿ ಎಲ್ಲರಿಗೂ ಕೇಳಿಸುತ್ತದೆ, ಸುಳಿವು ಒಬ್ಬರಿಗೇ ಕೇಳಿಸುತ್ತದೆ. ಎಷ್ಟೋ ಸಲ ಗುಟ್ಟಾಗಿ ಕೊಟ್ಟ ಸುಳಿವನ್ನು ಪಡೆದವರೇ ಬಯಲು ಮಾಡಿ, ಕೊಟ್ಟವನನ್ನು ಬಲವಂತವಾಗಿ ಸೀಟಿ ಊದುವವನನ್ನಾಗಿ ಮಾಡುತ್ತಾರೆ. ಮಾಕಳಿಯ ಮುಂದೆ ಹಾದುಹೋಗುವ ಈ ರಸ್ತೆಗೇ ಸಂಬಂಧಿಸಿದ ಅಂಥ ಘಟನೆಯೊಂದು ದೇಶದ ಮನಸ್ಸನ್ನು ಕಲಕಿತು.

ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಪಥದ ಮುಂಬಯಿ–ಚೆನ್ನೈ ಭಾಗ ಮಾಕಳಿಯ ಮೇಲೆಯೇ ಹೋಗುತ್ತದೆ. ಅದೇ ಯೋಜನೆಯ ಇನ್ನೊಂದು ತುದಿಯಲ್ಲಿ, ಬಿಹಾರ–ಜಾರ್ಖಂಡ್ ಭಾಗದಲ್ಲಿ, ಸತ್ಯೇಂದ್ರ ದುಬೆ ಎಂಬ ಯುವ ಎಂಜಿನಿಯರ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೆಲಸದಲ್ಲಿದ್ದರು. ಕಾನಪುರದ ಐಐಟಿಯಲ್ಲಿ ಓದಿದವರು. ಕಾಮಗಾರಿಯಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ವಿವರಿಸಿ 2002ರ ನವೆಂಬರಿನಲ್ಲಿ ಪ್ರಧಾನಿಗೆ ಪತ್ರ ಬರೆದರು. ಹೆಸರಿಲ್ಲದ ಪತ್ರಕ್ಕೆ ಬೆಲೆ ಬರಲಾರದೆಂದು ತಮ್ಮ ಪರಿಚಯವನ್ನೂ ಕೊಟ್ಟು, ಅದನ್ನು ಗುಟ್ಟಾಗಿಡಿ ಎಂದು ಕೋರಿದರು. ಪತ್ರ ಕಚೇರಿಯಿಂದ ಕಚೇರಿಗೆ ಹೋಯಿತು. ಹೆಸರೂ ಅದರ ಜೊತೆಯಲ್ಲೇ ಹೋಯಿತು. 2003ರ ನವೆಂಬರ್ 27ರ ನಸುಕಿನಲ್ಲಿ ಗಯಾ ನಗರದಲ್ಲಿ ರೈಲಿಳಿದು ಮನೆಗೆ ಹೊರಟಿದ್ದ ದುಬೆಯವರನ್ನು ಗುಂಡಿಟ್ಟು ಕೊಲ್ಲಲಾಯಿತು. ಇದು ದರೋಡೆಕೋರರ ಕೃತ್ಯವೆಂದು ತನಿಖೆ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಕೊಲೆಯ ಕಾರಣ ಏನೇ ಇರಲಿ, ಗುಟ್ಟಾಗಿಡಿ ಎಂಬ ಅವರ ಕೋರಿಕೆ ನಡೆಯಲಿಲ್ಲ ಎಂಬುದಂತೂ ನಿಜ.

ಅದರ ಬಿಸಿಯಿಂದಲೇ 2004ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ಕೇಂದ್ರ ಸರ್ಕಾರದ ಕಚೇರಿ, ನಿಗಮಗಳ ಭ್ರಷ್ಟಾಚಾರದ ವಿಷಯವನ್ನು ಮುಚ್ಚಿ ಮೊಹರು ಮಾಡಿದ ಲಕೋಟೆಯಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಕಳಿಸಬಹುದು. ಇದು ಸಾರ್ವಜನಿಕ ಹಿತದ ಮಾಹಿತಿ ಎಂದು ಲಕೋಟೆಯ ಮೇಲೆ ಬರೆದಿರಬೇಕು. ಅನಾಮಧೇಯ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಕಳಿಸಿದವರ ಹೆಸರು ಆಯೋಗಕ್ಕೆ ಗೊತ್ತಿರಬೇಕು, ಬೇರೆಯವರಿಗೆ ಗೊತ್ತಾಗಬಾರದು. ವಿದುರನ ಸೂತ್ರವೇ ಇದು. ಮುಂದೆ ಸಂಸತ್ತು ಇದಕ್ಕಾಗಿಯೇ ಒಂದು ಕಾಯಿದೆ ಮಾಡಿ, 2014ರ ಮೇ 9ರಂದು ಅದಕ್ಕೆ ರಾಷ್ಟ್ರಪತಿಯ ಅಂಕಿತವೂ ಬಿತ್ತು. ಹತ್ತು ವರ್ಷ ಕಳೆದರೂ ಅದನ್ನು ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಬಿದ್ದಿರಲಿಲ್ಲ.

ವಿಚಿತ್ರವೆಂದರೆ, ಪೊಲೀಸರಿಗೆ ಸುಳಿವು ಕೊಟ್ಟವರ ಹೆಸರನ್ನು ಕಾಪಾಡುವ ನಿಯಮ 1872ರ ಸಾಕ್ಷ್ಯ ಕಾಯಿದೆಯಲ್ಲೇ ಇತ್ತು. ಅಪರಾಧದ ಮಾಹಿತಿ ಎಲ್ಲಿಂದ ಬಂತು ಎಂದು ಹೇಳುವಂತೆ ಮ್ಯಾಜಿಸ್ಟ್ರೇಟರನ್ನಾಗಲೀ ಪೊಲೀಸ್ ಅಧಿಕಾರಿಯನ್ನಾಗಲೀ ಬಲವಂತಪಡಿಸಲಾಗದು ಎನ್ನುತ್ತಿತ್ತು ಅದರ 125ನೆಯ ಸೆಕ್ಷನ್. ಆ ಕಾಯಿದೆಯ ಜಾಗಕ್ಕೆ 2024ರ ಜುಲೈ 1ರಂದು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ರಕ್ಷಣೆಯನ್ನು ಉಳಿಸಿಕೊಂಡಿದೆ. ಸುಳ್ಳು ಸುಳಿವು ಕೊಟ್ಟು ಇನ್ನೊಬ್ಬರಿಗೆ ತೊಂದರೆ ಮಾಡಿದರೆ ಅದೂ ಅಪರಾಧವೇ. ಚಾಡಿ ಮತ್ತು ಎಚ್ಚರಿಕೆಗಳ ನಡುವಿನ ಗೆರೆಯನ್ನು ಕಾನೂನು ತನ್ನ ಮಟ್ಟಿಗೆ ಎಳೆದಿದೆ.

ಆದರೆ ಆ ಗೆರೆ ಜನರ ಮನಸ್ಸಿನಲ್ಲಿ ಇನ್ನೂ ಮೂಡಬೇಕಾಗಿದೆ. ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ರಕ್ಷಣಾ ಕವಚ ತೆಗೆದಿಟ್ಟಿದ್ದಾರೆ ಎಂದು ತಿಳಿಸುವ ಕೆಲಸಗಾರನೂ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಲೆಕ್ಕ ತಪ್ಪಾಗಿದೆ ಎಂದು ತಿಳಿಸುವ ಉದ್ಯೋಗಿಯೂ ಮೊದಲು ಹೆದರುವುದು ಕಾನೂನಿಗಲ್ಲ, ಚಾಡಿಕೋರ ಎಂಬ ಹೆಸರಿಗೆ. ಪಕ್ಕದವನ ಊಟದ ಡಬ್ಬಿಯ ಸುದ್ದಿ ಒಯ್ಯುವವನಿಗೂ, ಪಕ್ಕದವನ ಕೈ ಯಂತ್ರಕ್ಕೆ ಸಿಗದಿರಲಿ ಎಂದು ಹೇಳುವವನಿಗೂ ಒಂದೇ ಹೆಸರು ಸಲ್ಲುವ ತನಕ ಎರಡನೆಯವನು ಬಾಯಿ ಬಿಡುವುದು ಕಷ್ಟ.

ನಾಳೆಯ ಪತ್ರಿಕೆಯಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ‘ಖಚಿತ ಸುಳಿವಿನ ಮೇರೆಗೆ’ ಎಂಬ ಮಾತು ಕಾಣಿಸುತ್ತದೆ. ಆ ಸುಳಿವು ಗಾಳಿಯಲ್ಲಿ ಸುಳಿದು ಬಂದದ್ದಲ್ಲ; ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟು, ಹೇಳಲೋ ಬೇಡವೋ ಎಂದು ಹತ್ತು ಸಲ ಯೋಚಿಸಿ ಕೊಟ್ಟದ್ದು. ಅವರ ಹೆಸರು ಪತ್ರಿಕೆಯಲ್ಲಿ ಇರುವುದಿಲ್ಲ. ಇರಲೂಬಾರದು. ಓದುವಾಗ ಅಂಥವರೊಬ್ಬರಿದ್ದಾರೆ ಎಂಬ ನೆನಪಿದ್ದರೆ ಸಾಕು.